ಬ್ರೂಕ್‌ಲ್ಯಾಂಡಿನ ಸೀಸದ ತೊಟ್ಟಿ: ನಮ್ಮ ಸಂಘಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಹಾಗೂ ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ,

ಸವಿನಯ ನಮಸ್ಕಾರಗಳು.

ಸಂಘದ ಹೆಸರನ್ನಾಗಲಿ, ಯಾರೊಬ್ಬರ ಹೆಸರನ್ನಾಗಲಿ ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಓದಬೇಕಾದವರಿಗೆ ಇದು ತಮಗೇ ಬರೆದದ್ದೆಂದು ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಉಳಿದವರಿಗೆ ಹೆಸರಿನ ಅಗತ್ಯವೂ ಇಲ್ಲ. ಕಳೆದ ಜೂನ್ ತಿಂಗಳ ಪ್ರವಾಸದಲ್ಲಿ ಇಂಗ್ಲೆಂಡಿನ ಕೆಂಟ್ ಕೌಂಟಿಯ ಬ್ರೂಕ್‌ಲ್ಯಾಂಡ್ ಎಂಬ ಹಳ್ಳಿಯ ಚರ್ಚಿನೊಳಗೆ ನಮ್ಮವರಿಂದ ನಡೆದದ್ದರ ಬಗ್ಗೆ ನಾನು ಸಮಿತಿಗೆ ಎರಡು ಸಲ ಇಮೇಲ್ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ "ಸಣ್ಣ ವಿಷಯ ಸಾರ್, ದೊಡ್ಡದು ಮಾಡೋದು ಬೇಡ" ಎಂಬ ಒಂದು ಸಾಲು ಬಂತು. ಅದಾಗಿ ಮೂರು ವಾರಕ್ಕೆ ಸಂಘದ ವಾರ್ತಾಪತ್ರಿಕೆ ಕೈಸೇರಿತು. ಅದರಲ್ಲಿದ್ದ ಪ್ರವಾಸದ ವರದಿಯನ್ನು ಓದಿದ ಮೇಲೆ, ವಿಷಯ ಸಣ್ಣದಲ್ಲ ಎಂಬುದನ್ನು ಎಲ್ಲರೆದುರೇ ಹೇಳುವುದು ಸರಿ ಎನಿಸಿತು.

ನಡೆದದ್ದನ್ನು ನಾನು ಕಂಡಂತೆ ಹೇಳುತ್ತೇನೆ. ಅಂದು ಬ್ರೂಕ್‌ಲ್ಯಾಂಡ್ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ರೈ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಮಳೆ ಹಿಡಿಯಿತು, ಊಟದ ಹೊತ್ತೂ ಆಯಿತು, ಚರ್ಚಿನ ಬಾಗಿಲು ತೆರೆದಿತ್ತು, ಹಾಗಾಗಿ ನಲವತ್ತಕ್ಕೂ ಹೆಚ್ಚು ಜನ ಒಮ್ಮೆಲೇ ಒಳಗೆ ನುಗ್ಗಿದೆವು. ಮೊದಲ ಐದು ನಿಮಿಷದಲ್ಲೇ ಚಿತ್ರಾನ್ನದ ಡಬ್ಬಿಗಳು ಜಾರ್ಜ್ ದೊರೆಗಳ ಕಾಲದ ಮರದ ಗೂಡುಪೀಠಗಳ, ಅಂದರೆ ಸುತ್ತ ಹಲಗೆಯಿರುವ ಬೆಂಚುಗಳ ಮೇಲೆ ತೆರೆದುಕೊಂಡವು. ಸಮಾಧಿಯ ಬಳಿ ಮಂತ್ರ ಹೇಳುವ ಪಾದ್ರಿ ಮಳೆಯಲ್ಲಿ ನೆನೆಯದಿರಲಿ ಎಂದು ಹಿಂದೆ ಹೊತ್ತೊಯ್ಯುತ್ತಿದ್ದ, ಹಡ್ ಎಂದು ಕರೆಯುವ ಮರದ ಗೂಡೊಂದು ಅಲ್ಲಿದೆ. ಅದರಲ್ಲಿ ಸರದಿಯಂತೆ ನಿಂತು ಟೆಲಿಫೋನ್ ಪೆಟ್ಟಿಗೆಯೊಳಗೆ ನಿಂತವರ ಹಾಗೆ ಫೋಟೊ ತೆಗೆಸಿಕೊಂಡೆವು. ಇಷ್ಟನ್ನು ಮಳೆಯ ಲೆಕ್ಕಕ್ಕೆ, ಹಸಿವಿನ ಲೆಕ್ಕಕ್ಕೆ ಹಾಕಿ ಮರೆಯಬಹುದಿತ್ತು.

ಮರೆಯಲಾಗದ್ದು ಸೀಸದ ತೊಟ್ಟಿಯ ಬಳಿ ನಡೆದದ್ದು. ಅದರ ಸುತ್ತ ರಾಶಿಗಳ ಚಿತ್ರಗಳಿವೆ ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ತಮ್ಮ ತಮ್ಮ ರಾಶಿಯನ್ನು ಹುಡುಕತೊಡಗಿದರು. ಬೆರಳಿನಿಂದ ಉಜ್ಜಿದರು, ಕಾಣದಿದ್ದಾಗ ಒದ್ದೆ ಟಿಶ್ಯೂ ತೆಗೆದು ಉಜ್ಜಿದರು. ಒಬ್ಬ ಹುಡುಗ ಒಂದು ಪೌಂಡಿನ ನಾಣ್ಯದ ಅಂಚಿನಿಂದ ಅಕ್ಷರಗಳ ಸಂದಿಯಲ್ಲಿದ್ದ ಕಪ್ಪನ್ನು ಕೆರೆದ, ಅವನ ತಂದೆ ಪಕ್ಕದಲ್ಲೇ ನಿಂತು ಮೊಬೈಲಿನ ಬೆಳಕು ಹಿಡಿದಿದ್ದರು. ಎರಡು ವರ್ಷದ ಮಗುವೊಂದನ್ನು ತೊಟ್ಟಿಯ ಮೇಲೆ ಕೂರಿಸಿ, ಬೂಟಿನ ಹಿಮ್ಮಡಿ ಕಮಾನುಗಳ ಸಾಲಿಗೆ ಬಡಿಯುತ್ತಿರುವಂತೆಯೇ ಚಿತ್ರ ತೆಗೆದರು. ಹಿರಿಯ ತಾಯಿಯೊಬ್ಬರು ಕೈಚೀಲದಿಂದ ಕುಂಕುಮದ ಭರಣಿ ತೆಗೆದು, ತಮ್ಮ ಮೊಮ್ಮಗಳ ರಾಶಿಗೆ ಒಂದು ಬೊಟ್ಟಿಟ್ಟು ಕೈಮುಗಿದರು.

ಆ ಬೊಟ್ಟಿನ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿಲ್ಲ. ಅಂದು ಆ ಕಟ್ಟಡದೊಳಗೆ ನಿಂತ ನಮ್ಮವರಲ್ಲಿ ಅದೊಂದು ಪೂಜ್ಯ ವಸ್ತುವೆಂದು ಗುರುತಿಸಿದವರು ಅವರೊಬ್ಬರೇ. ಗುರುತಿಸಿದ ರೀತಿ ತಪ್ಪಾಗಿತ್ತು, ಅಷ್ಟೇ. ನಾವು ಹೊರಡುವ ಹೊತ್ತಿಗೆ ಹೂಗಳನ್ನು ಜೋಡಿಸಲು ಬಂದ ಊರಿನ ವೃದ್ಧೆಯೊಬ್ಬರು ಆ ಕೆಂಪು ಗುರುತನ್ನು ನೋಡಿ, ಏನನ್ನೂ ಹೇಳದೆ, ಒಣ ಬಟ್ಟೆಯೊಂದನ್ನು ತಂದು ಅದರ ಮುಂದೆ ಮಂಡಿಯೂರಿದರು. ಕುಂಕುಮ ಒರೆಸಿದಷ್ಟೂ ಉಬ್ಬುಚಿತ್ರಗಳ ಸಂದಿಗಳೊಳಗೆ ಇಳಿಯುತ್ತಿತ್ತು. ನಾನು ಬಾಗಿಲ ಬಳಿ ನಿಂತು ಅದನ್ನು ನೋಡಿದೆ. ಮುಂದೆ ಹೋಗಿ ಕ್ಷಮೆ ಕೇಳಲಿಲ್ಲ, ಬಸ್ಸಿನ ಹಾರನ್ ಕೇಳಿ ಓಡಿದೆ. ಈ ಪತ್ರದಲ್ಲಿ ದೂರು ಇರುವುದು ನನ್ನ ಮೇಲೂ ಹೌದು.

ಇನ್ನು ವಾರ್ತಾಪತ್ರಿಕೆಯ ವರದಿ. ಚರ್ಚಿನ ಪಕ್ಕದಲ್ಲಿ ನೆಲದ ಮೇಲೆಯೇ ನಿಂತಿರುವ ಗಂಟೆಗೋಪುರದ ಬಗ್ಗೆ ಊರವರು ಹೇಳುವ ತಮಾಷೆಯ ಕಥೆಗೆ, ಅಂದರೆ ಕನ್ಯೆಯೊಬ್ಬಳು ಮದುವೆಗೆ ಬಂದದ್ದನ್ನು ಕಂಡು ಬೆರಗಾದ ಗೋಪುರ ಮಾಡಿನಿಂದ ಕೆಳಕ್ಕೆ ಹಾರಿತು ಎಂಬ ಕಥೆಗೆ, ವರದಿಯಲ್ಲಿ ಮೂರು ಪ್ಯಾರಾ ಸಿಕ್ಕಿದೆ. ಮೂರು ಟೋಪಿಗಳನ್ನು ಒಂದರ ಮೇಲೊಂದು ಕವುಚಿಟ್ಟಂತೆ ಕಾಣುವ ಆ ಎಂಟು ಮೂಲೆಯ ಮರದ ಗೋಪುರ ಕೆಳಗಿರುವುದಕ್ಕೆ ಜೌಗುನೆಲವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ; ಒಳಗಿನ ಕಂಬಸಾಲು ಹೊರಕ್ಕೆ ವಾಲಿರುವುದನ್ನು ನೋಡಿದವರಿಗೆ ಆ ಮಾತು ನಂಬುವಂತೆಯೇ ಇದೆ. ಅದು ವರದಿಯಲ್ಲಿಲ್ಲ. ಸೀಸದ ಪಾತ್ರೆಗೆ ಸಿಕ್ಕಿದ್ದು ಒಂದೇ ವಾಕ್ಯ: "ಒಳಗೆ ದನಗಳಿಗೆ ನೀರಿಡುವಂಥ ಒಂದು ಹಳೆಯ ಸೀಸದ ತೊಟ್ಟಿ ಇದ್ದು, ಅದರ ಮೇಲೆ ನಮ್ಮ ಭಾರತದಿಂದ ಹೋದ ರಾಶಿಚಕ್ರವನ್ನು ಕೆತ್ತಲಾಗಿದೆ." ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ. ಅವನ್ನು ತಿದ್ದುವುದಕ್ಕಾಗಿಯೇ ಮುಂದಿನದನ್ನು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲನೆಯದಾಗಿ, ಅದು ದನದ ತೊಟ್ಟಿಯಲ್ಲ, ದೀಕ್ಷಾಸ್ನಾನದ ಪಾತ್ರೆ. ಇಂಗ್ಲಿಷಿನಲ್ಲಿ ಫಾಂಟ್ ಎನ್ನುತ್ತಾರೆ. ನಮ್ಮ ಮಕ್ಕಳು ಆ ಪದ ಕೇಳಿ ಕಂಪ್ಯೂಟರಿನ ಅಕ್ಷರಗಳನ್ನು ನೆನೆದು ನಕ್ಕರು, ಅದು ಅವರ ತಪ್ಪಲ್ಲ. ಈ ಫಾಂಟ್ ಎಂಬುದು ಚಿಲುಮೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಅದನ್ನು ಸಾಮಾನ್ಯವಾಗಿ ಬಾಗಿಲ ಸಮೀಪವೇ ಇಡುತ್ತಾರೆ, ಏಕೆಂದರೆ ಮಗು ಆ ನೀರನ್ನು ದಾಟಿಯೇ ಸಮುದಾಯದೊಳಗೆ ಬರುತ್ತದೆ ಎಂಬುದು ಭಾವನೆ. ಹುಟ್ಟಿದ ಮಗು ದೀಕ್ಷೆಯಿಲ್ಲದೆ ಸತ್ತೀತೆಂಬ ಭಯ ಆ ಕಾಲದಲ್ಲಿ ಎಷ್ಟಿತ್ತೆಂದರೆ, ಪಾದ್ರಿ ಬರುವುದು ತಡವಾದರೆ ಸೂಲಗಿತ್ತಿಯೇ ನೀರು ಹಾಕಿ ದೀಕ್ಷೆ ಕೊಡಬಹುದು ಎಂಬ ಅನುಮತಿಯಿತ್ತು. ಬ್ರೂಕ್‌ಲ್ಯಾಂಡ್ ಇರುವ ರಾಮ್ನಿ ಮಾರ್ಷ್ ಎಂಬ ಜೌಗುನಾಡಿನಲ್ಲಿ ಈ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಇಂದು ಕುರಿಗಳಿಗೆ ಹೆಸರಾದ ಆ ಹಸಿರು ಬಯಲು 19ನೇ ಶತಮಾನದವರೆಗೂ ಚಳಿಜ್ವರದ ನಾಡು, ಅಂದರೆ ಮಲೇರಿಯಾದ ನಾಡು. ಮಲೆನಾಡಿನ ಹಿರಿಯರ ಬಾಯಲ್ಲಿ ಚಳಿಜ್ವರದ ಕಥೆಗಳನ್ನು ಕೇಳಿ ಬೆಳೆದ ನಮ್ಮಲ್ಲಿ ಕೆಲವರಿಗೆ, ಅಲ್ಲಿನ ತಾಯಂದಿರು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಈ ಪಾತ್ರೆಯ ಬಳಿಗೆ ಎಂಥ ಅವಸರದಲ್ಲಿ ತಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಾಗಲಾರದು.

ಹಿಂದೆ ಆ ನೀರನ್ನು ಪ್ರತಿ ಸಲವೂ ಹೊಸದಾಗಿ ತುಂಬುತ್ತಿರಲಿಲ್ಲ. ಈಸ್ಟರ್ ಮತ್ತು ಪೆಂತೆಕೋಸ್ತ್ ಹಬ್ಬಗಳಲ್ಲಿ ಮಂತ್ರಿಸಿ ತುಂಬಿದ ನೀರು ಪಾತ್ರೆಯಲ್ಲಿ ಬಹುಕಾಲ ಇರುತ್ತಿತ್ತು. ಮಂತ್ರಿಸಿದ ನೀರೆಂದ ಮೇಲೆ ಅದನ್ನು ಮಾಟಕ್ಕೂ ಮದ್ದಿಗೂ ಕದಿಯುವವರು ಇದ್ದೇ ಇರುತ್ತಾರೆ. ಆದ್ದರಿಂದಲೇ 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ಫಾಂಟ್‌ಗಳಿಗೆ ಮುಚ್ಚಳವಿರಬೇಕು, ಮುಚ್ಚಳಕ್ಕೆ ಬೀಗವಿರಬೇಕು ಎಂದು ವಿಧಿಸಿದರು. ಇಂಗ್ಲೆಂಡಿನ ಎಷ್ಟೋ ಹಳ್ಳಿಯ ಚರ್ಚುಗಳಲ್ಲಿ ಫಾಂಟಿನ ಅಂಚಿನ ಮೇಲೆ ಒಂದಕ್ಕೊಂದು ಎದುರಾಗಿ ಎರಡು ಕಡೆ ಕಲ್ಲು ಒಡೆದು ತೇಪೆ ಹಾಕಿದ್ದು ಕಾಣುತ್ತದೆ. ಅದು ಆ ಬೀಗದ ಕೊಂಡಿಗಳನ್ನು ಕಿತ್ತ ಗುರುತು. ಮುಂದಿನ ಸಲ ಯಾವುದೇ ಹಳೆಯ ಚರ್ಚಿಗೆ ಹೋದಾಗ ನೋಡಿ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಟ್ಟದೆಯೂ ಬೀಳುತ್ತದೆ.

ಎರಡನೆಯದಾಗಿ, ವರದಿಯಲ್ಲಿ "ಕೆತ್ತಲಾಗಿದೆ" ಎಂದಿದೆ. ಕೆತ್ತಿದ್ದಲ್ಲ, ಎರಕ ಹೊಯ್ದದ್ದು. 12ನೇ ಶತಮಾನದ ಕುಶಲಕರ್ಮಿ ಅಚ್ಚಿನಲ್ಲಿ ಸೀಸವನ್ನು ಹೊಯ್ದು ಹಲಗೆಯಂಥ ತಗಡನ್ನು ಪಡೆದು, ಅದನ್ನು ಬಳೆಯಂತೆ ಬಾಗಿಸಿ ಬೆಸೆದಿದ್ದಾನೆ. ಹೊರಮೈಯಲ್ಲಿ ಒಂದರ ಮೇಲೊಂದು ಎರಡು ಸಾಲು ಕಮಾನುಗಳು, ಸಾಲಿಗೆ ಇಪ್ಪತ್ತು. ಮೇಲಿನ ಸಾಲಿನಲ್ಲಿ ರಾಶಿಗಳು, ಕೆಳಗಿನ ಸಾಲಿನಲ್ಲಿ ಆಯಾ ತಿಂಗಳಲ್ಲಿ ಮನುಷ್ಯ ಮಾಡುವ ಕೆಲಸ. ಹನ್ನೆರಡು ರಾಶಿಗೆ ಇಪ್ಪತ್ತು ಕಮಾನು ಹೇಗೆ ಎಂದು ನಮ್ಮಲ್ಲೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ, ಅಂದು ಯಾರೂ ಉತ್ತರಿಸಲಿಲ್ಲ. ಅದೇ ಅಚ್ಚಿನ ಒಂದು ಭಾಗವನ್ನು ಮತ್ತೆ ಬಳಸಿರುವುದರಿಂದ ಎಂಟು ತಿಂಗಳು ಎರಡೆರಡು ಸಲ ಬಂದಿವೆ. ಪಾತ್ರೆಯ ಸುತ್ತಳತೆ ತುಂಬಬೇಕಿತ್ತು, ಅಚ್ಚು ಕೈಯಲ್ಲಿತ್ತು, ಪಂಚಾಂಗ ತಪ್ಪೀತೆಂದು ಆತ ತಲೆ ಕೆಡಿಸಿಕೊಳ್ಳಲಿಲ್ಲ.

ಆ ಕೆಳಗಿನ ಸಾಲನ್ನು ನೀವು ಒಮ್ಮೆ ಬಿಡುವಾಗಿ ನೋಡಿದ್ದರೆ! ಫೆಬ್ರವರಿಯಲ್ಲಿ ಒಬ್ಬಾತ ಬೆಂಕಿಯ ಮುಂದೆ ಮೈಕಾಯಿಸಿಕೊಳ್ಳುತ್ತಿದ್ದಾನೆ. ಮಾರ್ಚ್‌ನಲ್ಲಿ ದ್ರಾಕ್ಷಿಬಳ್ಳಿ ಸವರುತ್ತಾರೆ. ಮೇ ತಿಂಗಳಿಗೆ ಕುದುರೆಯೇರಿ ಕೈಮೇಲೆ ಡೇಗೆ ಹಿಡಿದ ಸವಾರ, ಇಡೀ ವರ್ಷದಲ್ಲಿ ಕೆಲಸವಿಲ್ಲದ ಶ್ರೀಮಂತ ಅವನೊಬ್ಬನೇ ಇರಬೇಕು. ಜೂನ್‌ನಲ್ಲಿ ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ಲು, ಮುಂದಿನ ತಿಂಗಳು ಆ ಹುಲ್ಲನ್ನು ಒಟ್ಟುವುದು, ಆಗಸ್ಟ್‌ನಲ್ಲಿ ಪೈರಿನ ಕೊಯ್ಲು, ಸೆಪ್ಟೆಂಬರ್‌ನಲ್ಲಿ ಕೋಲಿನಿಂದ ಕಾಳು ಬಡಿಯುವುದು. ಅಕ್ಟೋಬರ್‌ನಲ್ಲಿ ಬಾನಿಯೊಳಗೆ ನಿಂತು ದ್ರಾಕ್ಷಿ ತುಳಿಯುತ್ತಾರೆ. ಡಿಸೆಂಬರ್‌ನಲ್ಲಿ ಕೊಡಲಿ ಎತ್ತಿ ಹಂದಿ ಕಡಿಯುತ್ತಾರೆ. ಕೊಯ್ಲು, ಒಕ್ಕಣೆ, ಸುಗ್ಗಿ ಎಂದರೆ ಏನೆಂದು ತಿಳಿದ ಮನೆಗಳಿಂದ ಬಂದವರು ನಾವು. ಅಂದು ನಮಗೆ ಕಾಣಬೇಕಾಗಿದ್ದದ್ದು ಆ ಕೆಳಗಿನ ಸಾಲು; ನಾವು ಮೇಲಿನ ಸಾಲಿನಲ್ಲಿ ನಮ್ಮ ಜಾತಕ ಹುಡುಕಿದೆವು.

ಇಂಥ ತಿಂಗಳ ಕೆಲಸಗಳ ಸಾಲು ಇಂಗ್ಲೆಂಡಿನ ಬೇರೆ ಫಾಂಟ್‌ಗಳಲ್ಲೂ ಉಂಟು. ನಾರ್ಫೋಕ್‌ನ ಬರ್ನಮ್ ಡೀಪ್‌ಡೇಲ್‌ನಲ್ಲಿ ಅದನ್ನು ಚೌಕದ ಕಲ್ಲಿನ ಮೇಲೆ ಕೆತ್ತಿದ್ದಾರೆ. ಆದರೆ ಅಲ್ಲಿ ರಾಶಿಗಳಿಲ್ಲ. ಸೀಸದಲ್ಲಿ, ರಾಶಿ ಮತ್ತು ತಿಂಗಳು ಎರಡೂ ಜೋಡಿಯಾಗಿ, ಹೆಸರುಗಳ ಸಮೇತ ಇರುವುದು ಬ್ರೂಕ್‌ಲ್ಯಾಂಡಿನ ವಿಶೇಷ. ಹೆಸರುಗಳಲ್ಲೂ ಒಂದು ಸ್ವಾರಸ್ಯವಿದೆ: ರಾಶಿಗಳ ಹೆಸರು ಲ್ಯಾಟಿನ್‌ನಲ್ಲಿವೆ, ತಿಂಗಳುಗಳ ಹೆಸರು ನಾರ್ಮನ್ ಫ್ರೆಂಚಿನಲ್ಲಿವೆ. ಹೊಲದಲ್ಲಿ ದುಡಿಯುವವನ ಮಾತಾದ ಇಂಗ್ಲಿಷ್ ಎಲ್ಲಿಯೂ ಇಲ್ಲ. 1066ರಲ್ಲಿ ನಾರ್ಮನ್ನರು ಬಂದು ಆಳತೊಡಗಿ ನೂರು ವರ್ಷ ಕಳೆದಿದ್ದ ಕಾಲದ ಸ್ಥಿತಿ ಅದು. ದೇವರ ಭಾಷೆ ಒಂದು, ದೊರೆಯ ಭಾಷೆ ಇನ್ನೊಂದು. ದ್ರಾಕ್ಷಿ ತುಳಿಯುವವನು ಕುರಿಗಳ ಜೌಗುನಾಡಿಗೆ ಹೇಗೆ ಬಂದನೆಂಬುದಕ್ಕೂ ಇದರಲ್ಲೇ ಸುಳಿವಿದೆ. ನಾರ್ಮಂಡಿಯ ಸೇಂತೆವ್ರು ಎಂಬಲ್ಲಿ ಇದನ್ನು ಹೋಲುವ ಸೀಸದ ಫಾಂಟ್ ಇದೆ, ಹಾಗಾಗಿ ಇಂಗ್ಲಿಷ್ ಕಡಲ್ಗಾಲುವೆಯ ಆಚೆಯಿಂದಲೇ ಈ ಕೆಲಸಗಾರಿಕೆ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಮೂರನೆಯ ತಪ್ಪು ನಮಗೆ ಪ್ರಿಯವಾದ ತಪ್ಪು. ರಾಶಿಚಕ್ರ ನಮ್ಮಿಂದ ಅವರಿಗೆ ಹೋಗಲಿಲ್ಲ. ಹನ್ನೆರಡು ರಾಶಿಗಳ ಕಲ್ಪನೆ ಬ್ಯಾಬಿಲೋನಿನಲ್ಲಿ ಮೊಳೆತು, ಗ್ರೀಕರ ಕೈಯಲ್ಲಿ ಬೆಳೆದು, ಅಲ್ಲಿಂದ ಒಂದು ಕವಲು ರೋಮಿನ ಕಡೆಗೂ ಇನ್ನೊಂದು ಕವಲು ನಮ್ಮ ಕಡೆಗೂ ಹರಿಯಿತು. ಇದನ್ನು ಮುಚ್ಚಿಡುವ ಗೋಜಿಗೆ ನಮ್ಮ ಪೂರ್ವಿಕರು ಹೋಗಲೇ ಇಲ್ಲ. 6ನೇ ಶತಮಾನದ ವರಾಹಮಿಹಿರ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ ಎಂಬ ಹೆಸರುಗಳನ್ನೂ ಕೊಟ್ಟಿದ್ದಾನೆ. ಅವು ಕ್ರಿಯೋಸ್, ತೌರೋಸ್, ದಿದುಮೋಯ್, ಲೇಯೋನ್, ಪಾರ್ಥೆನೋಸ್ ಎಂಬ ಗ್ರೀಕ್ ಮಾತುಗಳೇ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳು 14ನೇ ಶತಮಾನದವು; ಬ್ರೂಕ್‌ಲ್ಯಾಂಡಿನ ಪಾತ್ರೆ ಅವಕ್ಕಿಂತ ಹಳೆಯದು. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಯುರೋಪಿನ ಮಕರಕ್ಕೆ ಆಡಿನ ಮುಂಭಾಗ ಮತ್ತು ಮೀನಿನ ಬಾಲ, ನಮ್ಮ ಮಕರ ಮೊಸಳೆಯ ಕಡೆಗೆ ವಾಲಿತು. ಅವರ ಮಿಥುನ ಅವಳಿ ಸಹೋದರರು, ನಮ್ಮಲ್ಲಿ ಗಂಡುಹೆಣ್ಣು. ಅಲ್ಲಿ ಮೇಷದ ಕೆಳಗೆ ಮಾರ್ಚ್ ಇರುವುದನ್ನು ಕಂಡು "ಇವರ ಲೆಕ್ಕವೇ ತಪ್ಪು" ಎಂದು ನಮ್ಮವರೊಬ್ಬರು ತೀರ್ಪು ಕೊಟ್ಟರು. ಅದು ವಿಷುವದಿಂದ ಎಣಿಸುವ ಸಾಯನ ಮತ್ತು ನಕ್ಷತ್ರಗಳಿಂದ ಎಣಿಸುವ ನಿರಯನ ಲೆಕ್ಕಗಳ ನಡುವಿನ ವ್ಯತ್ಯಾಸ, ತಪ್ಪಲ್ಲ. ಸೀಸದ ಮೇಲಿನ ರಾಶಿಗೆ ನಾಣ್ಯ ಒತ್ತಿದ ಹುಡುಗನಿಗೆ ಈ ಅರ್ಧ ಗಂಟೆಯ ಪಾಠವನ್ನು ಅಲ್ಲೇ ಹೇಳಿದ್ದರೆ ಅವನು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಿದ್ದನೆಂದು ನನ್ನ ನಂಬಿಕೆ.

ನಾಣ್ಯದ ಮಾತು ಬಂತಾದ್ದರಿಂದ ಸೀಸದ ಬಗ್ಗೆಯೂ ಹೇಳಿಬಿಡುತ್ತೇನೆ. ಸೀಸ ಉಗುರಿನಿಂದಲೂ ಗೀರಬಹುದಾದಷ್ಟು ಮೆದು ಲೋಹ. ಅದರ ಮೇಲಿನ ಮಸುಕು ಬೂದುಬಣ್ಣ ಕೊಳೆಯಲ್ಲ. ಶತಮಾನಗಳಲ್ಲಿ ಗಾಳಿಯೊಡನೆ ಬೆರೆತು ಹುಟ್ಟಿದ ತೆಳುಪದರ, ಒಳಗಿನ ಲೋಹಕ್ಕೆ ಅದೇ ರಕ್ಷಣೆ. ಒದ್ದೆ ಟಿಶ್ಯೂನಿಂದ ಉಜ್ಜಿ "ಫಳಫಳ ಹೊಳೀತು ನೋಡಿ" ಎಂದಾಗ ನಾವು ತೆಗೆದದ್ದು ಆ ರಕ್ಷಣೆಯನ್ನು. ಹುಳಿ ತಾಗಿದರೆ ಸೀಸ ಬಿಳಿಯ ಪುಡಿಯಾಗಿ ಏಳುತ್ತದೆ. ಲಿಂಬೆಹಣ್ಣು ಹಿಂಡಿದ ಚಿತ್ರಾನ್ನ ತಿಂದ ಬೆರಳುಗಳು ಅದನ್ನು ಎಷ್ಟು ಕಡೆ ಮುಟ್ಟಿದವೆಂದು ನಾನು ಎಣಿಸಲಿಲ್ಲ. ಜೊತೆಗೆ ಸೀಸ ವಿಷ. ಎರಡು ವರ್ಷದ ಮಗುವನ್ನು ಅದರ ಮೇಲೆ ಕೂರಿಸಿ, ಅದೇ ಅಂಗೈಯನ್ನು ಬಾಯಿಗೆ ಹಾಕಿಕೊಳ್ಳಲು ಬಿಟ್ಟದ್ದು ಮಗುವಿನ ಪಾಲಿಗೂ ಒಳ್ಳೆಯದಾಗಲಿಲ್ಲ.

ಸೀಸ 327 ಡಿಗ್ರಿಗೆ ಕರಗುತ್ತದೆ. ಒಲೆಯ ಬೆಂಕಿ ಸಾಕು. ಎರಕ ಹೊಯ್ಯಲು ಸುಲಭ ಎಂಬ ಕಾರಣಕ್ಕೇ ಅದನ್ನು ಕದ್ದು ಕರಗಿಸಿ ಮಾರುವುದೂ ಸುಲಭ. ಛಾವಣಿಯ ಸೀಸದ ಕಳವು ಇಂಗ್ಲೆಂಡಿನ ಚರ್ಚುಗಳಿಗೆ ಇಂದಿಗೂ ತಪ್ಪಿಲ್ಲ. ಇಡೀ ಇಂಗ್ಲೆಂಡಿನಲ್ಲಿ ಹಳೆಯ ಸೀಸದ ಫಾಂಟ್‌ಗಳು ಉಳಿದಿರುವುದು ಸುಮಾರು ಮೂವತ್ತು ಮಾತ್ರ ಎಂದರೆ, ಅಂಥದೊಂದು ಎಂಟುನೂರಕ್ಕೂ ಹೆಚ್ಚು ವರ್ಷ ಉಳಿದುಬರಲು ಎಷ್ಟು ಜನ ಕಾದಿರಬೇಕು ಎಂಬುದನ್ನು ಯೋಚಿಸಿ. 17ನೇ ಶತಮಾನದ ಅಂತರ್ಯುದ್ಧದ ಕಾಲದಲ್ಲಿ, ರಾಜನ ವಿರುದ್ಧ ಹೋರಾಡುತ್ತಿದ್ದ ಪಾರ್ಲಿಮೆಂಟಿನವರು ಹಳೆಯ ಆಚರಣೆಗಳನ್ನೆಲ್ಲ ಮೂಢನಂಬಿಕೆಯೆಂದು ಕಿತ್ತೊಗೆಯಲು ಹೊರಟರು. 1645ರ ಪೂಜಾವಿಧಿಯಂತೆ, ಹಿಂದೆ ಫಾಂಟ್‌ಗಳು ಇರುತ್ತಿದ್ದ ಜಾಗದಲ್ಲಿ ದೀಕ್ಷಾಸ್ನಾನ ಕೊಡುವುದೇ ನಿಷಿದ್ಧವಾಯಿತು. ಎಷ್ಟೋ ಫಾಂಟ್‌ಗಳು ಅಂಗಳಕ್ಕೆ ಬಿದ್ದವು. ಕೆಲವು ಕೊಟ್ಟಿಗೆ ಸೇರಿ ನಿಜವಾಗಿಯೂ ದನಗಳಿಗೆ ನೀರುಣಿಸುವ ಬಾನಿಗಳಾದವು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಹಲವನ್ನು ತೊಳೆದು ಮತ್ತೆ ಒಳಗೆ ತಂದರು. ನಮ್ಮ ವರದಿಗಾರರ ವಾಕ್ಯ ಬೇರೆ ಊರಿನ ಬೇರೆ ಫಾಂಟಿನ ಮಟ್ಟಿಗೆ ಸರಿಯಾಗಿರುತ್ತಿತ್ತೇನೋ ಎಂದು ಬೇಸರದಲ್ಲೂ ನಗು ಬಂತು.

ಅದೇ ಅಂತರ್ಯುದ್ಧದ ಕಾಲದ ಒಂದು ಸಂಗತಿ ನನ್ನನ್ನು ಕಾಡುತ್ತದೆ. ವಿಲಿಯಂ ಡೌಸಿಂಗ್ ಎಂಬಾತ ಸಫೋಕ್ ಮತ್ತು ಕೇಂಬ್ರಿಡ್ಜ್ ಸೀಮೆಯ ಚರ್ಚುಗಳಲ್ಲಿ ಚಿತ್ರಗಳನ್ನು, ಗಾಜುಗಳನ್ನು ಒಡೆಯಲೆಂದೇ ನೇಮಕಗೊಂಡಿದ್ದವನು. 1644ರಲ್ಲಿ ಆತ ಸಫೋಕ್‌ನ ಅಫರ್ಡ್ ಎಂಬ ಊರಿಗೆ ಹೋದಾಗ, ಅಲ್ಲಿನ ಫಾಂಟಿನ ಮೇಲೆ ಹದಿನೆಂಟು ಅಡಿ ಎತ್ತರಕ್ಕೆ ಗೋಪುರದಂತೆ ಏರಿದ ಮರದ ಮುಚ್ಚಳವನ್ನು ಕಂಡ. ಅದರ ತುದಿಯಲ್ಲಿ ತನ್ನ ಎದೆಯನ್ನೇ ಕುಕ್ಕಿಕೊಳ್ಳುವ ಹೆಜ್ಜಾರ್ಲೆ ಹಕ್ಕಿ ಇರುವುದನ್ನೂ, ಚಿನ್ನದ ಲೇಪವನ್ನೂ ತನ್ನ ದಿನಚರಿಯಲ್ಲಿ ಬರೆದುಕೊಂಡ, ಅದು ಭವ್ಯವಾಗಿದೆ ಎಂದು ಬರೆದ. ಮುಚ್ಚಳ ಇಂದಿಗೂ ಅಲ್ಲಿದೆ. ಒಡೆಯಲು ಬಂದವನೂ ಒಂದು ಕ್ಷಣ ನಿಂತು ನೋಡಿದ. ನೋಡಲೆಂದೇ ಬಸ್ಸು ಮಾಡಿಕೊಂಡು ಹೋದ ನಾವು ನೋಡಲಿಲ್ಲ.

"ಅದು ಹೇಗೂ ಹಳೆಯ ಸಾಮಾನು, ಮ್ಯೂಸಿಯಂ ಇದ್ದ ಹಾಗೆ" ಎಂದು ಬಸ್ಸಿನಲ್ಲಿ ಒಬ್ಬರು ಹೇಳಿದರು. ನನ್ನ ತಕರಾರಿನ ತಿರುಳು ಇಲ್ಲಿದೆ. ಫಾಂಟ್ ಎಂಬುದು ಚರ್ಚಿನಲ್ಲಿ ನೋಡಲಿಟ್ಟ ವಸ್ತುವಲ್ಲ, ಪೂಜೆಯ ಪಾತ್ರೆ. ಇಂಗ್ಲೆಂಡಿನ ಚರ್ಚಿನ ಈಗಿನ ಕಟ್ಟಳೆಯಲ್ಲಿ, ಫಾಂಟಿನ ಬಟ್ಟಲನ್ನು ದೀಕ್ಷಾಸ್ನಾನದ ನೀರಿಗಲ್ಲದೆ ಬೇರೆ ಯಾವ ಉದ್ದೇಶಕ್ಕೂ ಬಳಸತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಚರ್ಚಿನ ಕಾನೂನಿನಂತೆ ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಬೇಕಾದರೂ ಅಲ್ಲಿನ ಪಾದ್ರಿ ತನ್ನಿಷ್ಟದಂತೆ ಮಾಡುವಂತಿಲ್ಲ, ಧರ್ಮಪ್ರಾಂತದ ನ್ಯಾಯಾಧಿಕಾರಿಯ ಅನುಮತಿ ಪಡೆಯಬೇಕು. ಊರಿನ ದೇವಸ್ಥಾನದ ಅಭಿಷೇಕದ ಪಾತ್ರೆಯ ಮೇಲೆ ಹೊರಗಿನವರು ಮಗುವನ್ನು ಬೂಟು ಸಮೇತ ಕೂರಿಸಿದರೆ ನಾವು ಏನು ಮಾಡುತ್ತಿದ್ದೆವು? ಬೇಲೂರಿನ ಮದನಿಕೆಯ ಮೇಲೆ ಪ್ರವಾಸಿಯೊಬ್ಬ ನಾಣ್ಯದಿಂದ ಗೀರಿದ ಎಂಬ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿದ್ದರೆ ಅಂದು ರಾತ್ರಿ ಎಷ್ಟು ಗಂಟೆಯವರೆಗೆ ಬೈಗುಳ ಹರಿಯುತ್ತಿತ್ತು ಎಂಬುದು ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು.

ಆದ್ದರಿಂದ ಸಮಿತಿಯಲ್ಲಿ ನನ್ನ ವಿನಂತಿ ಹೀಗಿದೆ. ಮೊಟ್ಟಮೊದಲು, ಸಂಘದ ಪುಟದಲ್ಲಿ ಇನ್ನೂ ಇರುವ, ಮಗುವನ್ನು ಫಾಂಟಿನ ಮೇಲೆ ಕೂರಿಸಿದ ಚಿತ್ರವನ್ನು ಇವತ್ತೇ ತೆಗೆಯಬೇಕು. ಅದಕ್ಕೆ ಸಭೆ ಕರೆಯುವ ಅಗತ್ಯವಿಲ್ಲ. ಎರಡನೆಯದಾಗಿ, ಆ ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್‌ಗಳಿಗೆ ಸಂಘದ ಹೆಸರಿನಲ್ಲಿ, ಅಧ್ಯಕ್ಷರ ಸಹಿಯೊಂದಿಗೆ, ನಡೆದದ್ದನ್ನು ಮುಚ್ಚಿಡದೆ ತಿಳಿಸುವ ಕ್ಷಮಾಪಣೆಯ ಪತ್ರ ಹೋಗಬೇಕು. ಕುಂಕುಮ ಯಾವ ಕಮಾನಿಗೆ ತಾಗಿತು, ನಾಣ್ಯ ಎಲ್ಲಿ ತಾಗಿತು ಎಂಬುದನ್ನು ಅದರಲ್ಲಿ ಬರೆಯಲೇಬೇಕು, ಏಕೆಂದರೆ ಲೋಹದ ಸಂರಕ್ಷಣೆ ಬಲ್ಲವರು ಬಂದು ನೋಡುವುದಾದರೆ ಅವರಿಗೆ ಆ ಮಾಹಿತಿ ಬೇಕಾಗುತ್ತದೆ. ಆ ತಾಯಿಯ ಹೆಸರು ಮಾತ್ರ ಎಲ್ಲಿಯೂ ಬರಕೂಡದು. ಈಗಾಗಲೇ ಅವರು ನನಗೆ ಫೋನ್ ಮಾಡಿ "ನನ್ನಿಂದ ಹಾಳಾಯ್ತಾ?" ಎಂದು ಕೇಳಿದ್ದಾರೆ, ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ವಾರ್ತಾಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರಬೇಕು. ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಸಾಲದು. ಗೋಪುರದ ಕಥೆಗೆ ಮೂರು ಪ್ಯಾರಾ ಕೊಟ್ಟ ಪತ್ರಿಕೆ ಫಾಂಟಿಗೂ ಮೂರು ಪ್ಯಾರಾ ಕೊಡಲಿ. ಮೇಲೆ ಬರೆದದ್ದನ್ನು ಹಾಗೆಯೇ ಬಳಸಿಕೊಳ್ಳಲು ನನ್ನ ಆಕ್ಷೇಪಣೆಯಿಲ್ಲ, ನನ್ನ ಹೆಸರೂ ಬೇಡ. ರಾಮ್ನಿ ಮಾರ್ಷ್‌ನ ಹಳೆಯ ಚರ್ಚುಗಳ ದುರಸ್ತಿಗೆಂದೇ ಕೆಲಸ ಮಾಡುವ ಟ್ರಸ್ಟೊಂದಿದೆ. ರಾಜ್ಯೋತ್ಸವದ ಊಟದ ಲೆಕ್ಕದಲ್ಲಿ ಉಳಿದ ಹಣ ಖಜಾಂಚಿಗಳ ಬಳಿ ಇರುವುದನ್ನು ಮಹಾಸಭೆಯಲ್ಲಿ ಓದಿದ್ದರು. ಅದರಲ್ಲೊಂದು ಪಾಲನ್ನು ಆ ಟ್ರಸ್ಟಿಗೆ ಕಳಿಸಬಹುದು. ಇದನ್ನು ದಂಡವೆಂದು ಕೊಡುವುದು ಬೇಡ. ಮಳೆಯಲ್ಲಿ ಬಾಗಿಲು ತೆರೆದಿಟ್ಟು ನಲವತ್ತು ಜನಕ್ಕೆ ಆಸರೆ ಕೊಟ್ಟ ಮನೆಗೆ ಒಂದು ಉಡುಗೊರೆ ಎಂದು ಕೊಡೋಣ.

ಮುಂದಿನ ಪ್ರವಾಸಗಳ ಮಾತು. ಹೊರಡುವ ಮುನ್ನ ಯಾರಾದರೂ ಒಬ್ಬರು ಆ ಜಾಗದ ಬಗ್ಗೆ ಓದಿಕೊಂಡು ಬಸ್ಸಿನಲ್ಲಿ ಹತ್ತು ನಿಮಿಷ ಮಾತಾಡುವ ಪದ್ಧತಿ ಬರಲಿ. ಅಂತ್ಯಾಕ್ಷರಿಗೆ ಎರಡು ಗಂಟೆ ಇರುವ ಬಸ್ಸಿನಲ್ಲಿ ಹತ್ತು ನಿಮಿಷ ಸಿಗದೇ ಹೋಗುವುದಿಲ್ಲ. ಹಳ್ಳಿಯ ಚರ್ಚುಗಳು ಚಿಕ್ಕವು, ಹತ್ತು ಹತ್ತು ಜನರಾಗಿ ಒಳಗೆ ಹೋಗೋಣ. ಊಟದ ಡಬ್ಬಿ ಬಸ್ಸಿನಲ್ಲೇ ಇರಲಿ. ಮಕ್ಕಳನ್ನು ಹೊರಗೆ ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಅವರನ್ನು ಮುಂದೆ ನಿಲ್ಲಿಸಿ, ಕೈಗಳನ್ನು ಹಿಂದೆ ಕಟ್ಟಿಕೊಳ್ಳಲು ಹೇಳಿ, ಸೆಪ್ಟೆಂಬರ್ ತಿಂಗಳಲ್ಲಿ ಆ ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ಕೇಳಿ. ಹಿರಿಯರು ಕೋಲಿನಿಂದ ಕಾಳು ಬಡಿಯುವುದನ್ನು ವಿವರಿಸಬೇಕಾಗಿ ಬರುತ್ತದೆ, ಆ ಪದಗಳು ಆ ನೆಪದಲ್ಲಾದರೂ ಅವರ ಕಿವಿಗೆ ಬೀಳಲಿ.

ಕ್ಷಮಾಪಣೆಯ ಪತ್ರದ ಕರಡನ್ನು ನಾನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೇನೆ, ಕೇಳಿದ ದಿನವೇ ಕಳಿಸುತ್ತೇನೆ. ಗಣೇಶನ ಹಬ್ಬದ ಹಿಂದಿನ ಸಮಿತಿಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ನಿರ್ಣಯವನ್ನು ಸದಸ್ಯರಿಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ಸಭೆಯ ನಿರ್ಣಯ ಏನೇ ಆಗಲಿ, ಅದರ ಮುಂದಿನ ಶನಿವಾರ ನಾನು ಬ್ರೂಕ್‌ಲ್ಯಾಂಡಿಗೆ ಹೋಗುವವನಿದ್ದೇನೆ. ಕಾರಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ. ಒಂದು ಸೀಟನ್ನು ಆ ತಾಯಿ ಈಗಾಗಲೇ ಹಿಡಿದಿಟ್ಟಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಸಂಘದ ಒಬ್ಬ ಆಜೀವ ಸದಸ್ಯ